ಸಣ್ಣ ಮಕ್ಕಳೊಟ್ಟಿಗೆ ಸ್ನಾರ್ಕೆಲಿಂಗ್: ನೇತ್ರಾಣಿಯಾ, ಸೈಂಟ್ ಮೇರೀಸಾ?

ಉಡುಪಿ_ಅಪ್ಪ:
ಡಿಸೆಂಬರ್ ರಜೆಯಲ್ಲಿ ಮಕ್ಕಳನ್ನು ಒಂದು ದಿನದ ಮಟ್ಟಿಗೆ ದ್ವೀಪಕ್ಕೆ ಕರ್ಕೊಂಡು ಹೋಗಿ ಸ್ನಾರ್ಕೆಲಿಂಗ್ (ಮಾಸ್ಕ್ ಹಾಕಿ, ಕೊಳವೆಯಲ್ಲಿ ಉಸಿರಾಡುತ್ತಾ ತೇಲಿ ನೀರಿನ ಒಳಗೆ ನೋಡುವುದು) ಮಾಡಿಸುವ ಅಂತ ಉಂಟು. ದೊಡ್ಡವನಿಗೆ 7 ವರ್ಷ, ಅಜ್ಜರಕಾಡಿನ ಕೊಳದಲ್ಲಿ ಈಜು ಕಲಿತಿದ್ದಾನೆ. ಸಣ್ಣವಳಿಗೆ 4, ಈಜು ಬರುವುದಿಲ್ಲ. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗುವುದಾ, ಮಲ್ಪೆಯಿಂದ ಸೈಂಟ್ ಮೇರೀಸಿಗಾ? ಮಾಸ್ಕ್, ಜಾಕೆಟ್ ನಾವೇ ತೆಗೆದುಕೊಳ್ಳಬೇಕಾ?

ಪಡುಕರೆ:
ನೇತ್ರಾಣಿ ಈಗ ಬೇಡ ಮಾರಾಯ್ರೆ. ದಡದಿಂದ ಸುಮಾರು 19 ಕಿ.ಮೀ., ಬೋಟಿನಲ್ಲಿ ಒಂದು ಗಂಟೆಗೂ ಮೇಲೆ. ದ್ವೀಪದ ಮೇಲೆ ಇಳಿಯಲಿಕ್ಕಿಲ್ಲ. ಬೋಟಿನಿಂದ ನೇರ ಆಳದ ನೀರಿಗೇ ಇಳಿಯಬೇಕು, ಕಾಲಿಗೆ ನೆಲ ಸಿಗುವುದಿಲ್ಲ. ಮಗು ಹೆದರಿ ಅತ್ತರೆ ನಿಲ್ಲಿಸಲು ಜಾಗವೇ ಇಲ್ಲ, ಮತ್ತೆ ಏಣಿ ಹತ್ತಿಸಿ ಬೋಟಿನಲ್ಲೇ ಕೂರಿಸಬೇಕು. ಗಾಳಿಯ ಸಿಲಿಂಡರ್ ಕಟ್ಟಿ ಮುಳುಗುವ ಸ್ಕೂಬಾ ಅಂತೂ 10 ವರ್ಷದ ಕೆಳಗಿನವರಿಗೆ ಕಡಲಲ್ಲಿ ಮಾಡಿಸುವ ಹಾಗೇ ಇಲ್ಲ.

ಸೈಂಟ್ ಮೇರೀಸ್ ಮಕ್ಕಳಿಗೆ ಒಳ್ಳೆಯದೇ, ಆದರೆ ಮೀನು ನೋಡಲಿಕ್ಕಲ್ಲ. ಅಲೆಗೆ ಮರಳು ಎದ್ದು ನೀರು ಕದಡಿರುತ್ತದೆ. ಅಲ್ಲಿನ ಕಂಬದಂಥ ಕಲ್ಲುಗಳ ಬುಡದಲ್ಲಿ ಪಾಚಿ, ಅದರ ಮೇಲೆ ಬ್ಲೇಡಿನಂಥ ಚಿಪ್ಪು. ತೆರೆ ಒಮ್ಮೆ ತಳ್ಳಿದರೆ ಮೊಣಕಾಲು ಸಿಗಿದು ಬಿಡುತ್ತದೆ. ಈಜಲು ಗುರುತು ಮಾಡಿದ ಮರಳಿನ ಜಾಗ ಬಿಟ್ಟು ಕಲ್ಲಿನ ಕಡೆ ಹೋಗಲೇಬೇಡಿ. ಬೆಳಿಗ್ಗಿನ ಮೊದಲ ಬೋಟಿಗೇ ಹೋಗಿ, ಮಧ್ಯಾಹ್ನದ ನಂತರ ಗಾಳಿ ಎದ್ದು ನೀರು ಇನ್ನೂ ಕೆಡುತ್ತದೆ.

ನಿಜವಾಗಿ ಹವಳ, ಮೀನು ತೋರಿಸಬೇಕಾದರೆ ಲಕ್ಷದ್ವೀಪದ ಲಗೂನ್ ನೋಡಿ. ಹೊರಗಿನ ಹವಳದ ದಿಬ್ಬವೇ ಅಲೆ ತಡೆಯುವುದರಿಂದ ಒಳಗೆ ಸೊಂಟಮಟ್ಟದ ತಿಳಿನೀರು. ಕೊಚ್ಚಿಯಿಂದ ಅಲ್ಲಿನ ಅಗತ್ತಿ ದ್ವೀಪಕ್ಕೆ ವಿಮಾನ ಉಂಟು, ಪ್ರವೇಶದ ಪರ್ಮಿಟ್ ಮೊದಲೇ ಮಾಡಿಸಿಕೊಳ್ಳಬೇಕು. ಹವಳದ ಮೇಲೆ ಮಕ್ಕಳನ್ನು ನಿಲ್ಲಿಸಬೇಡಿ, ಸತ್ತ ತುಂಡನ್ನೂ ಚೀಲಕ್ಕೆ ಹಾಕಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹವಳ ಒಯ್ಯುವುದು ಅಪರಾಧ.

ಲಂಗರು:
ಎಲ್ಲಿಗೇ ಹೋಗಿ, ಮಾಸ್ಕ್ ಮತ್ತು ಕೊಳವೆ ಮಾತ್ರ ನಿಮ್ಮದೇ ಇರಲಿ. ಬಾಡಿಗೆಗೆ ಸಿಗುವುದು ಹೆಚ್ಚಾಗಿ ದೊಡ್ಡವರ ಅಳತೆಯದು. ಕೊಳವೆ ಉದ್ದ, ಅಗಲ ಆದಷ್ಟೂ ಬಿಟ್ಟ ಉಸಿರು ಅದರಲ್ಲೇ ಉಳಿಯುತ್ತದೆ, ಮಗುವಿನ ಪುಟ್ಟ ಶ್ವಾಸಕೋಶ ಅದನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಮಕ್ಕಳ ಕೊಳವೆ ಗಿಡ್ಡ, ಸಪೂರ ಇರಬೇಕು. 7ರ ಪ್ರಾಯದಲ್ಲಿ ಮುಂದಿನ ಹಲ್ಲು ಬಿದ್ದಿದ್ದರೆ ಬಾಯಿಗೆ ಇಡುವ ರಬ್ಬರ್ ಸರಿ ಕೂರುತ್ತದಾ ಅಂಗಡಿಯಲ್ಲೇ ನೋಡಿ.

ಮಾಸ್ಕಿನ ಅಂಚು ಸಿಲಿಕೋನ್ ಇರಲಿ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರು ಎಳೆಯಲು ಹೇಳಿ. ಕೈ ಬಿಟ್ಟರೂ ಬೀಳದಿದ್ದರೆ ಅಳತೆ ಸರಿ. ನೀರು ನುಗ್ಗಿದರೆ ಎಲ್ಲರೂ ಪಟ್ಟಿ ಬಿಗಿ ಮಾಡುತ್ತಾರೆ, ಅದು ತಪ್ಪು. ಹೆಚ್ಚು ಬಿಗಿದರೆ ಅಂಚು ಮಡಚಿ ಇನ್ನೂ ಸೋರುತ್ತದೆ. ಕಾರಣ ಸಾಮಾನ್ಯವಾಗಿ ಒಳಗೆ ಸಿಕ್ಕಿದ ಕೂದಲು, ಇಲ್ಲದಿದ್ದರೆ ನಗು: ಮಗು ನಕ್ಕರೆ ಕೆನ್ನೆ ಮೇಲೆ ಹೋಗಿ ಸಂದಿ ಬಿಡುತ್ತದೆ! ಮಬ್ಬು ಹಿಡಿಯದ ಹಾಗೆ ಒಳಗಿನ ಗಾಜಿಗೆ ಒಂದು ಹನಿ ಬೇಬಿ ಶಾಂಪೂ ಸವರಿ ಚೂರು ತೊಳೆಯಿರಿ. ಹಣೆಗೆ ಸನ್‌ಸ್ಕ್ರೀನ್ ಹಚ್ಚಬೇಡಿ, ಕರಗಿ ಕಣ್ಣಿಗಿಳಿದು ಉರಿ.

ಲೈಫ್ ಜಾಕೆಟ್ ಮಗುವಿನ ತೂಕ ನೋಡಿ ಆರಿಸುವುದು, ಪ್ರಾಯ ನೋಡಿ ಅಲ್ಲ. ಕಾಲಿನ ನಡುವೆ ಹೋಗುವ ಪಟ್ಟಿ ಬೇಕೇ ಬೇಕು. ಹಾಕಿದ ಮೇಲೆ ಭುಜದಲ್ಲಿ ಹಿಡಿದು ಮೇಲಕ್ಕೆ ಎತ್ತಿ. ಜಾಕೆಟ್ ಕಿವಿವರೆಗೆ ಬಂದರೆ ದೊಡ್ಡದಾಯಿತು. ತೋಳಿಗೆ ಹಾಕುವ ಗಾಳಿ ಬಲೂನು ಆಟಿಕೆ ಅಷ್ಟೆ. ಬಟ್ಟೆ ನೀಲಿ ಬೇಡ, ನೀರಿನಲ್ಲಿ ಕಾಣುವುದಿಲ್ಲ. ಕಿತ್ತಳೆ ಬಣ್ಣದ ತುಂಬುತೋಳಿನದು ಹಾಕಿ.

ಅಭ್ಯಾಸ ಕೊಳದಲ್ಲೇ ಆಗಬೇಕು, ಕಡಲಲ್ಲಿ ಶುರು ಮಾಡುವುದಲ್ಲ. ಮೊದಲು ಮನೆಯಲ್ಲಿ ನೀರಿಲ್ಲದೆಯೇ ಮಾಸ್ಕ್, ಕೊಳವೆ ಹಾಕಿ ಬಾಯಲ್ಲಿ ಉಸಿರಾಡಲಿ. ಮತ್ತೆ ಎದೆಮಟ್ಟದ ನೀರಲ್ಲಿ ನಿಂತು ಮುಖ ಮುಳುಗಿಸಿ 20 ಉಸಿರು. ಕೊಳವೆಗೆ ನೀರು ಹೊಕ್ಕರೆ ‘ತೂ’ ಅಂತ ಜೋರಾಗಿ ಊದಲು ಕಲಿಸಿ, ನೀವೇ ಬೇಕಂತಲೇ ಸ್ವಲ್ಪ ನೀರು ಹೊಯ್ದು ನೋಡಿ. ಹೆದರದೆ ಮೂರು ಸಲ ಊದಿದರೆ ಕೊಳದ ಪಾಠ ಮುಗಿಯಿತು.

ಉಡುಪಿ_ಅಪ್ಪ:
ಇಡೀ ಮುಖ ಮುಚ್ಚುವ ಮಾಸ್ಕ್ ಆದರೆ ಮೂಗಿನಲ್ಲೇ ಉಸಿರಾಡಬಹುದಲ್ವಾ? ಸಣ್ಣವಳಿಗೆ ಅದು ಸುಲಭ ಅಂತ ಕಾಣ್ತದೆ.

ಲಂಗರು:
ಬೇಡ. ಒಳಗಿನ ಕವಾಟ (ವಾಲ್ವ್) ಸರಿ ಕೂರದಿದ್ದರೆ ಬಿಟ್ಟ ಗಾಳಿಯೇ ಒಳಗೆ ಸುತ್ತುತ್ತದೆ. ನೀರು ತುಂಬಿದರೆ ಉಗುಳಿ ಬಿಡುವ ಹಾಗಿಲ್ಲ, ಇಡೀ ಮಾಸ್ಕ್ ಕಿತ್ತು ತೆಗೆಯಬೇಕು. 4ರ ಮಗುವಿನ ಕೈಗೆ ಅದು ಬರುವುದಿಲ್ಲ. ಅವಳಿಗೆ ಕೊಳವೆಯೇ ಬೇಡ, ಬರೀ ಮಾಸ್ಕ್ ಸಾಕು. ಜಾಕೆಟ್ ಹಾಕಿ ನಿಮ್ಮ ತೋಳಿನ ಮೇಲೆ ಮಲಗಿಸಿ, ಅವಳೇ ಮುಖ ಇಳಿಸಿ ಎತ್ತಲಿ.

ತೆಂಕುಗಾಳಿ:
ಬೋಟಿನ ವಾಂತಿ ಬಗ್ಗೆ ಯಾರೂ ಹೇಳಲಿಲ್ಲ. ಬೆಳಿಗ್ಗೆ ಬನ್ಸ್, ಗೋಳಿಬಜೆ ತಿನ್ನಿಸಿ ಹತ್ತಿಸಬೇಡಿ. ಎರಡು ಇಡ್ಲಿ ಸಾಕು, ಖಾಲಿ ಹೊಟ್ಟೆಯೂ ಒಳ್ಳೆಯದಲ್ಲ. ಬೋಟಿನ ಮೂತಿ ಹೆಚ್ಚು ಏರಿ ಇಳಿಯುತ್ತದೆ, ಆದ್ದರಿಂದ ಮಧ್ಯದಲ್ಲಿ, ಡೀಸೆಲ್ ಹೊಗೆ ಬಾರದ ಕಡೆ ಕೂರಿಸಿ. ಮೊಬೈಲ್ ಕೊಡದೆ ದೂರದ ದಡ ತೋರಿಸಿ. ಮಾತ್ರೆ ಬೇಕಾದರೆ ಮಕ್ಕಳ ಡಾಕ್ಟರರನ್ನು ಕೇಳಿಯೇ ಕೊಡಿ. ವಾಂತಿಯಾದರೆ ಕುಡಿಸುವ ಓಆರ್‌ಎಸ್ ಪೊಟ್ಟಣದ ಮೇಲೆ ಎಷ್ಟು ನೀರು ಅಂತ ಬರೆದಿರುತ್ತದೆ. 1 ಲೀಟರಿನದನ್ನು ಅಂದಾಜಿಗೆ ಒಂದು ಲೋಟಕ್ಕೆ ಕಲಸಿದರೆ ಉಪ್ಪು ಹೆಚ್ಚಾಗಿ ತೊಂದರೆ.

ಲೋಳೆಮೀನು ಸೋಕಿದರೆ ಮರಳಿನಲ್ಲಿ ಉಜ್ಜಬೇಡಿ, ಕುಡಿಯುವ ನೀರೂ ಹೊಯ್ಯಬೇಡಿ. ಕಡಲ ನೀರಲ್ಲೇ ತೊಳೆದು, ಅಂಟಿದ ಎಳೆಗಳನ್ನು ಚಿಮುಟದಿಂದ ತೆಗೆಯಿರಿ. ಮುಖ ಬಾತರೆ, ಉಸಿರು ಕಟ್ಟಿದರೆ ಕೂಡಲೇ ಆಸ್ಪತ್ರೆಗೆ. ನೀರು ಕುಡಿದು ಕೆಮ್ಮಿದ ಮಗುವಿನ ಮೇಲೂ ಕೆಲವು ಗಂಟೆ ಕಣ್ಣಿರಲಿ. ಕೆಮ್ಮು ನಿಲ್ಲದಿದ್ದರೆ, ಏದುಸಿರು ಬಂದರೆ ‘ನಾಳೆ ನೋಡುವ’ ಅನ್ನಬೇಡಿ.

ಪಡುಕರೆ:
ಇನ್ನೊಂದು ಲೆಕ್ಕ. ಒಂದು ಮಗುವಿಗೆ ಒಬ್ಬರು ದೊಡ್ಡವರು, ಕೈಗೆಟಕುವ ದೂರದಲ್ಲಿ. ನಿಮ್ಮಿಬ್ಬರಿಗೂ ಕೈತುಂಬ ಕೆಲಸ, ಆದ್ದರಿಂದ ದಡದಲ್ಲಿ ಚೀಲ, ಟವೆಲ್ ನೋಡಿಕೊಳ್ಳಲು ಮೂರನೆಯವರು ಬೇಕು. ಅಜ್ಜಿಯೋ ಮಾಮನೋ ಬರಲಿ. ಒಂದು ಸಲಕ್ಕೆ 15–20 ನಿಮಿಷ. ನೀರು ಬೆಚ್ಚಗಿದ್ದರೂ ಮಕ್ಕಳ ಮೈ ಬೇಗ ತಣಿಯುತ್ತದೆ. ‘ಚಳಿ ಇಲ್ಲ’ ಅಂತ ಅವರು ಹೇಳಿಯೇ ಹೇಳುತ್ತಾರೆ, ನೀವು ತುಟಿಯ ಬಣ್ಣ ನೋಡಿ.