ಮೌಂಟ್ ಶಾಸ್ತಾ ಹತ್ತೋಕೆ ಯಾವಾಗ ಹೋಗಬೇಕು? ಹೋಗಿ ಬಂದವರು ಹೇಳಿ

ಕೇಳಿದವರು: ಹೊಸ ಬೂಟು

ಕ್ಯಾಲಿಫೋರ್ನಿಯಾದ ಮೌಂಟ್ ಶಾಸ್ತಾ (14,179 ಅಡಿ) ಹತ್ತಬೇಕು ಅಂತ ನಾವು ಮೂವರು ಗೆಳೆಯರು ಅಂದುಕೊಂಡಿದ್ದೇವೆ. ದಾರಿ ಎಲ್ಲರೂ ಹೋಗುವ ಅವಲಾಂಚ್ ಗಲ್ಚ್ ಅನ್ನೋ ಕೊರಕಲು. ಒಣ ಬೆಟ್ಟಗಳನ್ನು ಸಾಕಷ್ಟು ಹತ್ತಿದ್ದೇವೆ, ಹಿಮದ ಮೇಲೆ ನಡೆದ ಅಭ್ಯಾಸ ಕಡಿಮೆ. ಒಬ್ಬರು ಮೇ ಅನ್ನುತ್ತಾರೆ, ಇನ್ನೊಬ್ಬರು ಜುಲೈ ಅನ್ನುತ್ತಾರೆ. ಆಗಸ್ಟ್‌ನಲ್ಲಿ ಹೋಗಿ, ಹಿಮ ಕರಗಿರುತ್ತೆ, ಸುಲಭ ಅಂತ ಮತ್ತೊಬ್ಬರ ಸಲಹೆ. ರಜೆ ಈಗಲೇ ಹಾಕಬೇಕು. ಜೂನ್ ಎರಡನೇ ವಾರಾಂತ್ಯ ಅಂತ ಗುರುತು ಹಾಕಿಟ್ಟಿದ್ದೇನೆ. ಸರಿ ಇದೆಯಾ? ಹೊರಡುವ ಮೊದಲು ಏನೇನು ನೋಡಬೇಕು?

ನಾಲ್ಕು ಸಲ ಹೋಗಿ ಎರಡು ಸಲ ತುದಿ ಕಂಡವನು

ಜೂನ್ ಎರಡನೇ ವಾರ ಕೆಟ್ಟ ಆಯ್ಕೆ ಏನಲ್ಲ. ಆದರೆ ಒಂದೇ ಒಂದು ವಾರಾಂತ್ಯಕ್ಕೆ ಗಂಟು ಬಿದ್ದಿದ್ದೀರಲ್ಲ, ಅದು ನನಗೆ ಹಿಡಿಸಲಿಲ್ಲ. ಇನ್ನೊಂದು ವಾರಾಂತ್ಯವನ್ನೂ ಕೈಯಲ್ಲಿ ಇಟ್ಟುಕೊಳ್ಳಿ. ನಾನು ಎರಡು ಸಲ ವಾಪಸ್ ಬಂದದ್ದು ಕಾಲು ಸೋತು ಅಲ್ಲ. ತಾರೀಖು ಮೊದಲೇ ಹಿಡಿದುಕೊಂಡು ಹೋಗಿದ್ದರಿಂದ.

ಮೊದಲು ಆಗಸ್ಟ್ ವಿಚಾರ. ಹಿಮ ಇಲ್ಲದಿದ್ದರೆ ಸುಲಭ ಅನ್ನೋದು ಗಟ್ಟಿ ಬಂಡೆಯ ಬೆಟ್ಟಕ್ಕೆ ಸರಿ. ಇದು ಜ್ವಾಲಾಮುಖಿ. ಬೂದಿ, ಲಾವಾ ಚೂರು, ಪುಡಿಕಲ್ಲು ಒಂದರ ಮೇಲೊಂದು ಬಿದ್ದು ಆದ ರಾಶಿ. ಅದನ್ನೆಲ್ಲ ಹಿಡಿದಿಟ್ಟಿರುವ ಅಂಟು ಅಂದರೆ ಹಿಮವೇ. ಅದು ಕರಗಿತು ಅಂದರೆ ಸುಮಾರು 12,800 ಅಡಿಯಲ್ಲಿರುವ ರೆಡ್ ಬ್ಯಾಂಕ್ಸ್ ಅನ್ನೋ ಕೆಂಪು ಬಂಡೆ ಸಾಲಿನಿಂದ ಕಲ್ಲು ಉರುಳೋಕೆ ಶುರು. ಕೆಳಗಿನ ಗಲ್ಚ್ ಕೊಳವೆ ಇದ್ದ ಹಾಗೆ. ಮೇಲಿಂದ ಬಿದ್ದದ್ದೆಲ್ಲ ನೀವು ಹತ್ತುವ ಜಾಗಕ್ಕೇ ಬರುತ್ತದೆ. ಹಿಮ ಇಲ್ಲದ ಕಡೆ ಎರಡು ಹೆಜ್ಜೆ ಮೇಲೆ ಇಟ್ಟರೆ ಒಂದು ಹೆಜ್ಜೆ ಕೆಳಗೆ ಜಾರುತ್ತೀರಿ, ಅದು ಬೇರೆ ಗೋಳು.

ಹಾಗಾಗಿ ಸಾಮಾನ್ಯವಾಗಿ ಮೇ ತಿಂಗಳಿಂದ ಜುಲೈ ನಡುವಿನವರೆಗೆ ಇಲ್ಲಿ ಜನ ಜಾಸ್ತಿ. ಆದರೆ ಈ ಲೆಕ್ಕ ವರ್ಷದಿಂದ ವರ್ಷಕ್ಕೆ ಅತ್ತಿತ್ತ ಸರಿಯುತ್ತದೆ. 2021ರ ಬೇಸಿಗೆಯಲ್ಲಿ ಈ ಬೆಟ್ಟ ಹೆಚ್ಚುಕಡಿಮೆ ಬೋಳಾಗಿ ನಿಂತಿತ್ತು. 2023ರಲ್ಲಿ ಅದಕ್ಕೆ ತದ್ವಿರುದ್ಧ, ಇಡೀ ಕ್ಯಾಲಿಫೋರ್ನಿಯಾದ ಬೆಟ್ಟಗಳಲ್ಲಿ ಹಿಮವೋ ಹಿಮ. ಎರಡೂ ವರ್ಷ ಜೂನ್ ತಿಂಗಳು ಬಂದಿತ್ತು, ಬೆಟ್ಟ ಮಾತ್ರ ಒಂದೇ ಆಗಿರಲಿಲ್ಲ. ಆ ರಾಜ್ಯದಲ್ಲಿ ಏಪ್ರಿಲ್ 1ರ ಹಿಮದ ಅಳತೆಯನ್ನು ವರ್ಷದ ಲೆಕ್ಕಕ್ಕೆ ಆಧಾರ ಅಂತ ಇಟ್ಟುಕೊಳ್ಳುತ್ತಾರೆ. ನಾನೂ ಅದನ್ನೇ ನೋಡುತ್ತೇನೆ. ಕಮ್ಮಿ ಇದ್ದರೆ ಮೇ ತಿಂಗಳಿಗೆ ಹಿಂದೆ ಸರಿಯುತ್ತೇನೆ. ಜಾಸ್ತಿ ಇದ್ದರೆ ಅವಸರ ಮಾಡುವುದಿಲ್ಲ.

ಅದು ಋತುವಿನ ಮಾತಾಯಿತು. ಹತ್ತಬೇಕೋ ಬೇಡವೋ ಅನ್ನೋದು ತೀರ್ಮಾನ ಆಗುವುದು ಹಿಂದಿನ ರಾತ್ರಿ.

ಹಗಲು ಕರಗಿದ ಹಿಮ ರಾತ್ರಿ ಮತ್ತೆ ಹೆಪ್ಪುಗಟ್ಟಬೇಕು. ಆಗ ಕ್ರಾಂಪನ್ (ಬೂಟಿನ ಅಡಿಗೆ ಕಟ್ಟುವ ಲೋಹದ ಹಲ್ಲು) ಕಚ್ಚುತ್ತದೆ, ಕಲ್ಲುಗಳೂ ಇದ್ದಲ್ಲೇ ಇರುತ್ತವೆ. ಹವಾಮಾನ ವರದಿಯಲ್ಲಿ ಫ್ರೀಜಿಂಗ್ ಲೆವೆಲ್ ಅಂತ ಕೊಟ್ಟಿರುತ್ತಾರೆ, ಗಾಳಿ ಸೊನ್ನೆ ಡಿಗ್ರಿಗೆ ಇಳಿಯುವ ಎತ್ತರ. ಅದನ್ನೊಂದೇ ನೋಡಿದರೆ ಸಾಲದು, ಮೋಡವನ್ನೂ ನೋಡಬೇಕು. ಆಕಾಶ ತಿಳಿಯಾಗಿದ್ದರೆ ಹಿಮ ತನ್ನ ಬಿಸಿಯನ್ನೆಲ್ಲ ಮೇಲಕ್ಕೆ ಬಿಟ್ಟುಕೊಡುತ್ತದೆ. ಗಾಳಿ ಸೊನ್ನೆಗಿಂತ ಸ್ವಲ್ಪ ಮೇಲಿದ್ದರೂ ಮೇಲ್ಪದರ ಗಟ್ಟಿಯಾಗುತ್ತದೆ. ಮೋಡ ಕವಿದಿದ್ದರೆ ಕಂಬಳಿ ಹೊದ್ದ ಹಾಗೆ, ಬಿಸಿ ಅಲ್ಲೇ ಉಳಿಯುತ್ತದೆ.

ನನ್ನ ಮೂರನೇ ಪ್ರಯತ್ನದಲ್ಲಿ ಆದದ್ದು ಇದೇ. ಹೆಲನ್ ಲೇಕ್‌ನಲ್ಲಿ (10,443 ಅಡಿ, ಹೆಸರಿಗೆ ಕೆರೆ, ನೀರು ಕಾಣುವುದೇ ಅಪರೂಪ) ಟೆಂಟ್ ಹಾಕಿದ್ದೆವು. ಮಳೆ ಇಲ್ಲ, ಗಾಳಿ ಇಲ್ಲ. ವರದಿಯಲ್ಲಿ ಎಲ್ಲ ಚೆನ್ನಾಗಿತ್ತು. ರಾತ್ರಿ ಒಂದೂವರೆಗೆ ಎದ್ದು ಹೊರಗೆ ಕಾಲಿಟ್ಟೆ. ಮೊಣಕಾಲಿನ ಕೆಳಗಿನವರೆಗೂ ಹೂತುಹೋಯಿತು. ತಲೆ ಎತ್ತಿ ನೋಡಿದರೆ ಒಂದು ನಕ್ಷತ್ರವೂ ಇಲ್ಲ. ಜೊತೆಯವನು ಮೇಲೆ ಹೋದ ಹಾಗೆ ಗಟ್ಟಿ ಆಗಬಹುದು ಅಂದ. ಒಂದು ಗಂಟೆ ಹತ್ತಿದೆವು. ಎಲ್ಲೂ ಗಟ್ಟಿ ಆಗಲಿಲ್ಲ. ತಿರುಗಿಬಿಟ್ಟೆವು. ಬೆಳಿಗ್ಗೆ ಎಂಟರ ಹೊತ್ತಿಗೆ ಟೆಂಟಿನಲ್ಲಿ ಕೂತೇ ಕಲ್ಲು ಉರುಳುವ ಸದ್ದು ಕೇಳಿದೆವು.

ಮಧ್ಯಾಹ್ನಕ್ಕೆ ಮುಂಚೆ ಮನೆಗೆ

ಮೇಲಿನವರ ಮಾತಿಗೆ ಒಂದು ಸೇರಿಸುತ್ತೇನೆ. ಹೆಪ್ಪುಗಟ್ಟಬೇಕು ಸರಿ, ಆದರೆ ಎಷ್ಟು? ಹಿಮದ ಮೇಲೆ ಮಳೆ ಬಿದ್ದು ಆಮೇಲೆ ಚಳಿ ಬಂದರೆ ಅದು ಹಿಮ ಅಲ್ಲ, ಗಾಜು. 2022ರ ಜೂನ್ 6ರಂದು ಇದೇ ಗಲ್ಚ್‌ನಲ್ಲಿ ಒಬ್ಬ ಗೈಡ್ ತೀರಿಕೊಂಡರು, ಅದೇ ದಿನ ಇನ್ನೂ ಹಲವರು ಜಾರಿ ಗಾಯಗೊಂಡರು. ಆ ದಿನ ಇಳಿಜಾರು ಪೂರ್ತಿ ಐಸ್ ಆಗಿತ್ತು. ಪ್ರಶ್ನೆ ಕೇಳಿದವರು ಗಮನಿಸಿ, ಜೂನ್ ಮೊದಲ ವಾರ ಅದು. ನೀವು ಗುರುತು ಹಾಕಿರುವ ದಿನಕ್ಕೂ ಅದಕ್ಕೂ ಒಂದು ವಾರದ ಅಂತರ ಅಷ್ಟೇ.

ಹೆಲನ್ ಲೇಕ್ ದಾಟಿದ ಮೇಲೆ ಇಳಿಜಾರು ಸುಮಾರು 35 ಡಿಗ್ರಿ. ಮೆತ್ತನೆ ಹಿಮದಲ್ಲಿ ಜಾರಿದರೆ ಐಸ್ ಆಕ್ಸ್ (ಹಿಮಕ್ಕೆ ಊರುವ ಚೂಪು ಕೊಡಲಿ) ಊರಿ ನಿಲ್ಲಬಹುದು. ಐಸ್ ಮೇಲೆ ಜಾರಿದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ವೇಗ ಬಂದುಬಿಡುತ್ತದೆ, ಆಮೇಲೆ ಆಕ್ಸ್ ಕಚ್ಚುವುದಿಲ್ಲ. ನನ್ನ ಪರೀಕ್ಷೆ ಸುಲಭದ್ದು. ಟೆಂಟಿನ ಹತ್ತಿರ ಬೂಟಿನ ಮೂತಿಯಿಂದ ಹಿಮಕ್ಕೆ ಒದೆಯುತ್ತೇನೆ. ಒಂದೆರಡು ಒದೆತಕ್ಕೆ ಬೆರಳು ನಿಲ್ಲುವಷ್ಟು ಗುಳಿ ಬಿದ್ದರೆ ಸರಿ. ಬೂಟು ಪುಟಿದು ವಾಪಸ್ ಬಂದರೆ, ಬಿಸಿಲು ಬಂದು ಸ್ವಲ್ಪ ಮೆತ್ತಗಾಗುವವರೆಗೆ ಕಾಯುತ್ತೇನೆ.

ಇಲ್ಲೊಂದು ಗುಟ್ಟಿದೆ, ಅದನ್ನು ನಾನು ಕಷ್ಟಪಟ್ಟು ಕಲಿತೆ. ಹೊರಡುವ ಹೊತ್ತು ಮುಂದೆ ಹೋದರೆ ತಿರುಗುವ ಹೊತ್ತು ಮುಂದೆ ಹೋಗಬಾರದು. ಎರಡು ವರ್ಷದ ಹಿಂದೆ ಹೀಗೇ ಕಾದು ಆರೂವರೆಗೆ ಹೊರಟೆ. ಹನ್ನೆರಡಕ್ಕೆ ರೆಡ್ ಬ್ಯಾಂಕ್ಸ್ ಮೇಲಿನ ಮಿಸರಿ ಹಿಲ್ ಅನ್ನೋ ಏರಿನ ಬುಡದಲ್ಲಿದ್ದೆ. ತುದಿ ಇನ್ನೂ ಮೇಲಿತ್ತು. ಅತ್ತುಬಿಡೋಣ ಅನ್ನಿಸಿತು, ಸುಳ್ಳು ಹೇಳಲ್ಲ. ಆದರೂ ತಿರುಗಿದೆ. ಇಳಿಯುವಾಗ ಹಿಮ ಗಂಜಿ ಆಗಿತ್ತು.

ಆಕ್ಸ್ ಊರಿ ನಿಲ್ಲೋದನ್ನು ಯಾರಾದರೂ ಬಲ್ಲವರ ಹತ್ತಿರ ಕಲಿತು, ಚಿಕ್ಕ ಇಳಿಜಾರಿನಲ್ಲಿ ಹತ್ತಾರು ಸಲ ಬಿದ್ದು ಅಭ್ಯಾಸ ಮಾಡಿ. ಓದಿಕೊಂಡರೆ ಬರೋದಲ್ಲ. ನಿಮ್ಮ ಮೂವರಲ್ಲಿ ಯಾರಿಗೂ ಬರದಿದ್ದರೆ ಗೈಡ್ ಜೊತೆ ಹೋಗಿ.

ಗಾಳಿ ಮಾತ್ರ ನೋಡುವವನು

ಪಟ್ಟಣದ ಹವಾಮಾನ ನೋಡಿ ಬೆಟ್ಟ ಹತ್ತಬೇಡಿ. ಅಮೆರಿಕದ ಹವಾಮಾನ ಸೇವೆಯವರ ನಕ್ಷೆಯಲ್ಲಿ ನೇರ ತುದಿಯ ಮೇಲೆ ಒತ್ತಿ. ಆ ವರದಿ ಎಷ್ಟು ಅಡಿ ಎತ್ತರಕ್ಕೆ ಅಂತ ಪಕ್ಕದಲ್ಲೇ ಇರುತ್ತದೆ, ಅದನ್ನೂ ಓದಿ. ಎಷ್ಟೋ ಸಲ ಅದು ತುದಿಗಿಂತ ಕೆಳಗಿನ ಎತ್ತರದ್ದಾಗಿರುತ್ತದೆ. ಸಾವಿರ ಅಡಿಗೆ ಸುಮಾರು 2 ಡಿಗ್ರಿ ಸೆಲ್ಸಿಯಸ್ ಇಳಿಯುತ್ತೆ ಅಂತ ಲೆಕ್ಕ ಇಟ್ಟುಕೊಳ್ಳಿ. ಕಾರು ನಿಲ್ಲಿಸುವ ಬನ್ನಿ ಫ್ಲಾಟ್ (ಸುಮಾರು 6,950 ಅಡಿ) ಮತ್ತು ತುದಿಯ ನಡುವೆ 14 ಡಿಗ್ರಿ ವ್ಯತ್ಯಾಸ ಬರುತ್ತೆ, ಗಾಳಿ ಸೇರಿಸದೆ.

ಶಾಸ್ತಾ ಸುತ್ತಮುತ್ತ ಒಂಟಿಯಾಗಿ ನಿಂತ ಬೆಟ್ಟ. ಗಾಳಿಗೆ ಅಡ್ಡ ಏನೂ ಇಲ್ಲ. ತುದಿಯ ಮೇಲೆ ತಟ್ಟೆ ಕವುಚಿದ ಹಾಗೆ ಮೋಡ ಕೂತಿದ್ದರೆ ಎಲ್ಲರೂ ಫೋಟೋ ತೆಗೆಯುತ್ತಾರೆ. ನಾನು ಹೋಗೋದು ಬಿಟ್ಟು ಚೀಲ ಬಿಚ್ಚುತ್ತೇನೆ. ಮೇಲೆ ಜೋರು ಗಾಳಿ, ತೇವ ಎರಡೂ ಇದೆ ಅಂತ ಅರ್ಥ. ಬಹಳ ಸಲ ಅದರ ಹಿಂದೆಯೇ ಬಿರುಗಾಳಿ ಬರುತ್ತೆ.

ಬೆಟ್ಟ ಕಾಡುಗಳ ಬಗ್ಗೆ ಬರೆದ ಜಾನ್ ಮ್ಯೂರ್ ಕಥೆ ಗೊತ್ತಿರಬಹುದು. 1875ರ ಏಪ್ರಿಲ್ 30. ಜೆರೋಮ್ ಫೇ ಅನ್ನುವವರ ಜೊತೆ ವಾಯುಭಾರ ಅಳೆಯಲು ತುದಿಗೆ ಹೋಗಿದ್ದರು. ಬಿರುಗಾಳಿ ಬಂತು, ಇಳಿಯಲು ಆಗಲಿಲ್ಲ. ತುದಿಯ ಹತ್ತಿರ ಬಿಸಿ ಆವಿ ಏಳುವ ಜಾಗ ಇದೆ, ಜ್ವಾಲಾಮುಖಿ ಅಲ್ವಾ. ರಾತ್ರಿಯೆಲ್ಲ ಅದರ ಮೇಲೆ ಮಲಗಿ ಬದುಕಿದರು. ಒಂದು ಮಗ್ಗುಲು ಬೇಯುತ್ತಿತ್ತು, ಇನ್ನೊಂದು ಮಗ್ಗುಲು ಹೆಪ್ಪುಗಟ್ಟುತ್ತಿತ್ತು. ಬೆಟ್ಟ ಅಷ್ಟು ಚೆನ್ನಾಗಿ ಬಲ್ಲ ಮನುಷ್ಯ ಅವರು.

ರೇಂಜರ್‌ಗೆ ಫೋನ್ ಮಾಡುವವಳು

ಎಲ್ಲರೂ ಮರೆತದ್ದು ಇದು. ಅಲ್ಲಿ ಅರಣ್ಯ ಇಲಾಖೆಯ ಕ್ಲೈಂಬಿಂಗ್ ರೇಂಜರ್‌ಗಳು ಇದ್ದಾರೆ. ಚಳಿಗಾಲದಲ್ಲಿ ಹಿಮಕುಸಿತದ ಎಚ್ಚರಿಕೆ, ಆಮೇಲೆ ಹತ್ತುವವರಿಗೆ ದಾರಿಯ ಸ್ಥಿತಿ, ಎರಡನ್ನೂ ಹಾಕುತ್ತಾರೆ. ಫೋನ್ ಮಾಡಿ ಹತ್ತಬಹುದಾ ಅಂತ ಕೇಳಬೇಡಿ, ನಿಮ್ಮ ಪರವಾಗಿ ಯಾರೂ ಹೂಂ ಅನ್ನಲ್ಲ. ಹಿಮ ಎಷ್ಟು ಅಡಿಯಿಂದ ಶುರು, ಈ ವಾರ ರಾತ್ರಿ ಗಟ್ಟಿಯಾಗುತ್ತಿದೆಯಾ, ರೆಡ್ ಬ್ಯಾಂಕ್ಸ್ ನಡುವಿನ ಸಂದುಗಳಲ್ಲಿ ಹಿಮ ಇನ್ನೂ ಉಳಿದಿದೆಯಾ, ಕಲ್ಲು ಯಾವ ಹೊತ್ತಿಗೆ ಬೀಳೋಕೆ ಶುರುವಾಗುತ್ತಿದೆ ಅಂತ ಕೇಳಿ. ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಆದಂತೆ.

ಬೇರೆಯವರು ಬರೆದ ಅನುಭವ ಓದುವಾಗ ತಾರೀಖು ನೋಡಿ. ಮೇ ತಿಂಗಳಲ್ಲಿ ಒಂದು ವಾರ ಹಳೆಯ ಸುದ್ದಿ ಅಂದರೆ ಹಳಸಿದ ಸುದ್ದಿ. ನಡುವೆ ಒಂದು ಹಿಮಪಾತ ಆಗಿದ್ದರೆ ಅದನ್ನು ಪೂರ್ತಿ ಬಿಟ್ಟುಬಿಡಿ. ಹೊಸ ಹಿಮ ಬಿದ್ದು ಒಂದೆರಡು ದಿನವಾದರೂ ಕಳೆಯಲಿ, ಗಾಳಿ ತಂದು ಗುಡ್ಡೆ ಹಾಕಿದ ಹಿಮ ಇನ್ನೂ ಕೂತಿರುವುದಿಲ್ಲ. ದಾರಿಯ ಹೆಸರೇ ಹಿಮಕುಸಿತದ ಕೊರಕಲು, ಸುಮ್ನೆ ಇಟ್ಟದ್ದಲ್ಲ.

10,000 ಅಡಿ ದಾಟುವವರಿಗೆ ಸಮಿಟ್ ಪಾಸ್ ಬೇಕು. ಮಲವನ್ನು ಚೀಲದಲ್ಲಿ ಕಟ್ಟಿ ವಾಪಸ್ ತರಬೇಕು. ಮುಖ ಸಿಂಡರಿಸಬೇಡಿ, ಹಿಮ ಕರಗಿಸಿ ಕುಡಿಯುವ ಜಾಗ ಅದು.

ಆಗಸ್ಟ್ ಪರ

ಆಗಸ್ಟ್‌ನವರನ್ನು ಇಷ್ಟು ಬೈಯಬೇಡಿ ಸ್ವಾಮಿ. ನಾನು ಹೋದದ್ದು ಆಗಲೇ, ಆದರೆ ಗಲ್ಚ್‌ನಿಂದ ಅಲ್ಲ. ಬೆಟ್ಟದ ಆಗ್ನೇಯ ಬದಿಯ ಕ್ಲಿಯರ್ ಕ್ರೀಕ್ ದಾರಿ. ಹಿಮ ಕರಗಿದ ಮೇಲೆ ಅದೇ ವಾಸಿ. ಪುಡಿಕಲ್ಲಿನಲ್ಲಿ ದಿನವಿಡೀ ಒದ್ದಾಟ, ಮೋಡ ಕವಿದರೆ ಇಳಿಯುವಾಗ ದಾರಿ ತಪ್ಪುವುದು ಸುಲಭ. ಆ ತಿಂಗಳಲ್ಲಿ ಮಧ್ಯಾಹ್ನದ ಗುಡುಗು ಸಿಡಿಲು, ಕಾಡ್ಗಿಚ್ಚಿನ ಹೊಗೆ ಎರಡನ್ನೂ ನೋಡಿಕೊಳ್ಳಬೇಕು. ಹಿಮದ ಅಭ್ಯಾಸ ಇಲ್ಲದವರು ಇದನ್ನೂ ಯೋಚಿಸಬಹುದು.

ಕೇಳಿದವರು: ಹೊಸ ಬೂಟು

ಎಲ್ಲರಿಗೂ ಧನ್ಯವಾದ. ರಜೆ ಎರಡು ವಾರಾಂತ್ಯಕ್ಕೆ ಹಾಕಿದೆ, ಮೇ ಕೊನೆಯದು ಒಂದು, ಜೂನ್ ಎರಡನೆಯದು ಒಂದು. ಅದಕ್ಕೂ ಮುಂಚೆ ಒಂದು ದಿನದ ಹಿಮ ತರಬೇತಿಗೆ ಮೂವರೂ ಹೆಸರು ಕೊಟ್ಟಿದ್ದೇವೆ. ಒಂದೇ ಅನುಮಾನ. ಇಳಿಯುವಾಗ ಕೂತು ಜಾರಿಕೊಂಡು ಬರಬಹುದು ಅಂತ ಕೇಳಿದ್ದೆ. ಅದಕ್ಕೆ ಯಾವ ಹಿಮ ಸರಿ?

ನಾಲ್ಕು ಸಲ ಹೋಗಿ ಎರಡು ಸಲ ತುದಿ ಕಂಡವನು

ಮೇಲ್ಪದರ ಒಂದೆರಡು ಇಂಚು ಮೆತ್ತಗಾಗಿ, ಅಡಿಯಲ್ಲಿ ಗಟ್ಟಿ ಇದ್ದರೆ ಸರಿ. ಇನ್ನೂ ಐಸ್ ಇದ್ದರೆ ನಡೆದೇ ಇಳಿಯಿರಿ. ಎಲ್ಲಿಗೆ ಹೋಗಿ ನಿಲ್ಲುತ್ತೀರಿ ಅನ್ನೋದು ಕಣ್ಣಿಗೆ ಕಾಣಬೇಕು. ಕೂರುವ ಮೊದಲು ಕ್ರಾಂಪನ್ ಬಿಚ್ಚಿ ಚೀಲಕ್ಕೆ ಹಾಕಿ. ಹಾಕಿಕೊಂಡೇ ಜಾರಿದರೆ ಒಂದು ಹಲ್ಲು ಹಿಮಕ್ಕೆ ಸಿಕ್ಕಿಕೊಂಡರೆ ಸಾಕು, ಕಣಕಾಲು ಮುರಿಯುತ್ತದೆ. ಅಲ್ಲಿ ಬಹಳ ಜನ ಗಾಯ ಮಾಡಿಕೊಳ್ಳೋದು ಹೀಗೇ.

ಹೋಗಿ ಬಂದ ಮೇಲೆ ಹಿಮ ಎಷ್ಟು ಅಡಿಯಿಂದ ಶುರುವಾಗಿತ್ತು, ರಾತ್ರಿ ಗಟ್ಟಿಯಾಗಿತ್ತಾ ಅಂತ ತಾರೀಖು ಸಮೇತ ಇಲ್ಲೇ ಬರೆಯಿರಿ. ಮುಂದಿನ ವಾರ ಹೋಗುವವರಿಗೆ ಬೇಕಾಗುತ್ತದೆ.