ಮಂಡಿನೋವಿರುವ ಅಮ್ಮನ ಜೊತೆ ವಿಯೆನ್ನಾದಲ್ಲಿ ನಾಲ್ಕು ದಿನ: ಏನು ನೋಡೋದು, ಏನು ಬಿಡೋದು?

ವಿಜಯನಗರದವನು:

ಎಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ ಅಪ್ಪ ಅಮ್ಮನನ್ನು ಆಸ್ಟ್ರಿಯಾದ ವಿಯೆನ್ನಾಗೆ ಕರೆದುಕೊಂಡು ಹೋಗುತ್ತಿದ್ದೇನೆ. ಅಪ್ಪನಿಗೆ 70, ಅಮ್ಮನಿಗೆ 64. ಅಪ್ಪ ರೇಡಿಯೊ ಕೇಳಿಕೊಂಡೇ ಬೆಳೆದವರು. ಸಂಗೀತಗಾರ ಬೀಥೊವನ್ ಬದುಕಿದ ಊರು ನೋಡಬೇಕು ಅನ್ನೋದು ಅವರ ಬಹಳ ವರ್ಷದ ಆಸೆ. ಅಮ್ಮನಿಗೆ ಮಂಡಿನೋವು. ಮೆಟ್ರೊ ಸ್ಟೇಷನ್ನಿನ ಮೆಟ್ಟಿಲನ್ನೂ ಕಂಬಿ ಹಿಡಿದೇ ಹತ್ತುತ್ತಾರೆ. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯೂ ತಿನ್ನಲ್ಲ. ನಾಲ್ಕು ದಿನಕ್ಕೆ ಅಂತ 15 ಜಾಗ ಬರೆದಿಟ್ಟುಕೊಂಡಿದ್ದೇನೆ. ಜಾಸ್ತಿ ಆಯ್ತಾ? ರೂಮು ಇನ್ನೂ ಬುಕ್ ಮಾಡಿಲ್ಲ. ಅಲ್ಲಿ ಇದ್ದು ಬಂದವರು ದಯವಿಟ್ಟು ಹೇಳಿ.

ಬನಶಂಕರಿ 2ನೇ ಹಂತ:

ಮೊದಲು ವೀಸಾ. ಪ್ರಯಾಣಕ್ಕೆ 6 ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಕೊನೆ ಪಕ್ಷ 15 ದಿನ ಮೊದಲು ಹಾಕಲೇಬೇಕು. ಆದರೆ ಆ 15 ದಿನ ನಂಬಿಕೊಂಡು ಕೂರಬೇಡಿ, ಬೇಸಿಗೆ ರಜೆಗೆ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಾರೆ. ಟ್ರಾವೆಲ್ ಇನ್ಷೂರೆನ್ಸ್ ಕನಿಷ್ಠ 30,000 ಯೂರೊಗೆ ಇರಬೇಕು. ಅಪ್ಪ ಅಮ್ಮನ ವಯಸ್ಸಿಗೆ ಪ್ರೀಮಿಯಂ ಜಾಸ್ತಿ ಬರುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಮಲ್ಲೇಶ್ವರಂ ಅಜ್ಜಿ:

ಮಗಳ ಬಾಣಂತನಕ್ಕೆ ಅಂತ ಹೋಗಿ ವಿಯೆನ್ನಾದಲ್ಲಿ ಸುಮಾರು ಮೂರು ತಿಂಗಳು ಇದ್ದೆ. ನನಗೂ ಮಂಡಿನೋವು. ಹಾಗಾಗಿ ನಿಮ್ಮ ಅಮ್ಮನ ಕಡೆಯಿಂದಲೇ ಬರೆಯುತ್ತೇನೆ.

15 ಜಾಗ ಖಂಡಿತ ಜಾಸ್ತಿ. ಅದು ಓಡಾಡಿ ಮುಗಿಸುವ ಊರಲ್ಲ, ಕೂತು ನೋಡುವ ಊರು. ಬೆಳಗ್ಗೆ ಒಂದು ಜಾಗ, ಸಂಜೆ ಒಂದು. ನಡುವೆ ಎಲ್ಲಿ ಕೂರುತ್ತೀರಿ ಅನ್ನೋದನ್ನೂ ಮೊದಲೇ ಯೋಚಿಸಿಡಿ.

ರೂಮಿನ ವಿಷಯ ತುಂಬ ಮುಖ್ಯ. ನಾವು ಯಜಮಾನರ ಜೊತೆ ಮೊದಲ ವಾರ ಒಂದು ಹಳೇ ಕಟ್ಟಡದಲ್ಲಿ ರೂಮು ಮಾಡಿದ್ದೆವು. 'ಒಂದನೇ ಮಹಡಿ' ಅಂತ ಬರೆದಿತ್ತು. ಒಂದೇ ಮಹಡಿ ತಾನೇ ಅಂದುಕೊಂಡು ಲಿಫ್ಟ್ ಇದೆಯಾ ಅಂತ ಕೇಳಲಿಲ್ಲ. ಹೋಗಿ ನೋಡಿದರೆ ಕೆಳಗೆ ಹೋಖ್‌ಪಾರ್ಟೆರ್ ಅಂತ ಒಂದು, ಅದರ ಮೇಲೆ ಮೆಟ್ಸನೀನ್ ಅಂತ ಇನ್ನೊಂದು. ಅವೆರಡನ್ನೂ ದಾಟಿದ ಮೇಲೆ ಅವರ ಒಂದನೇ ಮಹಡಿ! ಅಲ್ಲಿನ ಹಳೇ ಮನೆಗಳಲ್ಲಿ ಇದು ಮಾಮೂಲು. ಆ ವಾರ ದಿನಕ್ಕೆ ಒಂದು ಸಲಕ್ಕಿಂತ ಹೆಚ್ಚು ನಾನು ಕೆಳಗಿಳಿಯಲಿಲ್ಲ. ದಯವಿಟ್ಟು ಲಿಫ್ಟ್ ಇದೆಯಾ, ಅದು ರಸ್ತೆ ಮಟ್ಟದಿಂದಲೇ ಶುರುವಾಗುತ್ತದಾ ಅಂತ ಬರೆದು ಕೇಳಿ, ಉತ್ತರ ಬಂದ ಮೇಲೆಯೇ ದುಡ್ಡು ಕಟ್ಟಿ.

ಓಡಾಟಕ್ಕೆ ಟ್ರ್ಯಾಮ್ ಬಿಟ್ಟರೆ ಬೇರೆ ಇಲ್ಲ. ರಸ್ತೆಯಿಂದ ಹತ್ತುತ್ತೀರಿ, ಕಿಟಕಿ ಪಕ್ಕ ಕೂರುತ್ತೀರಿ, ಊರು ತಾನೇ ಕಣ್ಣ ಮುಂದೆ ಹೋಗುತ್ತದೆ. ಹಳೇ ಕೋಟೆ ಗೋಡೆ ಕೆಡವಿ ಮಾಡಿದ ರಿಂಗ್ ರಸ್ತೆ ಇದೆ. ಪಾರ್ಲಿಮೆಂಟು, ಒಪೆರಾ, ಮ್ಯೂಸಿಯಂ ಎಲ್ಲ ಅದರ ಮೇಲೇ ಇವೆ. 1 ಮತ್ತು 2ನೇ ನಂಬರ್ ಟ್ರ್ಯಾಮ್ ಹಿಡಿದರೆ ಬಹುಪಾಲು ನೋಡಬಹುದು. ಆದರೆ ಯಾವುದೂ ಪೂರ್ತಿ ಸುತ್ತು ಹಾಕಲ್ಲ, ನಡುವೆ ಬದಲಾಯಿಸಬೇಕು. ಟಿಕೆಟ್ ವಿಷಯದಲ್ಲಿ ಎಚ್ಚರ. ನಮ್ಮ ಮೆಟ್ರೊ ಥರ ಗೇಟು ಇಲ್ಲ, ಯಾರೂ ತಡೆಯಲ್ಲ. ಆದರೆ ಪೇಪರ್ ಟಿಕೆಟನ್ನು ಮೆಷಿನ್ನಿಗೆ ಹಾಕಿ ಮುದ್ರೆ ಒತ್ತಿಸದಿದ್ದರೆ ದಂಡ ಬೀಳುತ್ತದೆ. ಅಪ್ಪ ಅಮ್ಮನ ಟಿಕೆಟನ್ನೂ ನೀವೇ ಒತ್ತಿಸಿ. ಊರಿನ ಪಾಸು ಏರ್‌ಪೋರ್ಟ್ ತನಕ ಸಾಕಾಗಲ್ಲ, ಹೆಚ್ಚುವರಿ ಟಿಕೆಟ್ ಬೇಕು. ಏರ್‌ಪೋರ್ಟಿನಿಂದ ಹಸಿರು ಬಣ್ಣದ ದುಬಾರಿ ರೈಲು ಕಾಣಿಸುತ್ತದೆ. ಎಸ್7 ಅನ್ನುವ ಮಾಮೂಲಿ ರೈಲೂ ಅದೇ ವೀನ್ ಮಿಟ್ಟೆ ಸ್ಟೇಷನ್ನಿಗೆ ಹೋಗುತ್ತದೆ. ಹತ್ತು ನಿಮಿಷ ಜಾಸ್ತಿ ಆಗಬಹುದು, ಅಷ್ಟೇ.

ಕಾಫಿ. ನಮ್ಮ ಕಾಫಿಗೆ ಬಾಬಾ ಬುಡನ್‌ಗಿರಿ ಹೇಗೋ, ಅವರಿಗೆ ಕಾಫಿಹೌಸ್ ಹಾಗೆ. 1685ರಲ್ಲೇ ಅಲ್ಲಿ ಕಾಫಿ ಮಾರಲು ಪರವಾನಗಿ ಕೊಟ್ಟಿದ್ದರಂತೆ. 'ಮೆಲಾಂಜ್' ಕೇಳಿ, ಹಾಲಿನ ನೊರೆ ಇರುತ್ತದೆ. ಫಿಲ್ಟರ್ ಕಾಫಿ ರುಚಿ ನಿರೀಕ್ಷೆ ಮಾಡಬೇಡಿ. ಆದರೆ ಪುಟ್ಟ ತಟ್ಟೆಯಲ್ಲಿ ಕಾಫಿ ಜೊತೆ ಒಂದು ಲೋಟ ನೀರೂ ತಂದಿಡುತ್ತಾರೆ, ಎಷ್ಟು ಹೊತ್ತು ಕೂತರೂ ಏಳಿ ಅನ್ನಲ್ಲ. ಅಮ್ಮನ ಮಂಡಿಗೆ ಅದೇ ಔಷಧಿ. ನಲ್ಲಿ ನೀರನ್ನು ಧೈರ್ಯವಾಗಿ ಕುಡಿಯಿರಿ. 1873ರಿಂದ ಬೆಟ್ಟದ ಬುಗ್ಗೆ ನೀರು ಪೈಪಿನಲ್ಲಿ ಊರಿಗೆ ಬರುತ್ತಿದೆ. ಬಾಟಲಿ ತುಂಬಿಸಿಕೊಂಡೇ ಓಡಾಡಿದೆ, ಒಂದು ದಿನವೂ ಹೊಟ್ಟೆ ಕೆಡಲಿಲ್ಲ.

ಊಟದಲ್ಲಿ ಸೂಪು ನಂಬಬೇಡಿ. ನೋಡಲು ತಿಳಿಸಾರಿನ ಹಾಗಿರುತ್ತದೆ, ಆದರೆ ಹೆಚ್ಚಾಗಿ ದನದ ಮಾಂಸ ಬೇಯಿಸಿದ ನೀರು. ಸಲಾಡಿನಲ್ಲೂ 'ಸ್ಪೆಕ್' ಅಂತ ಹಂದಿ ಮಾಂಸದ ಚೂರು ಇರಬಹುದು. ಅಲ್ಲಿನ ಜರ್ಮನ್ ಭಾಷೆಯಲ್ಲಿ 'ಓನೆ ಫ್ಲೈಶ್' ಅಂದರೆ ಮಾಂಸ ಬೇಡ, 'ಓನೆ ಐ' ಅಂದರೆ ಮೊಟ್ಟೆ ಬೇಡ. ಚೀಟಿಯಲ್ಲಿ ಬರೆದು ಅಮ್ಮನ ಪರ್ಸಿನಲ್ಲಿಡಿ. ನಾನು ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಒಯ್ದಿದ್ದೆ.

ಈಗ ನಿಮ್ಮ ಅಪ್ಪನ ವಿಷಯ. 71ನೇ ನಂಬರ್ ಟ್ರ್ಯಾಮ್ ಹತ್ತಿ ಸೆಂಟ್ರಲ್‌ಫ್ರೀಡ್‌ಹೋಫ್ ಸ್ಮಶಾನದ 2ನೇ ಗೇಟಿನಲ್ಲಿ ಇಳಿಯಿರಿ. ಒಳಗೆ ನೇರ ಸ್ವಲ್ಪ ನಡೆದರೆ ಎಡಗಡೆ ಬೀಥೊವನ್ ಸಮಾಧಿ. ಶೂಬರ್ಟ್, ಬ್ರಾಮ್ಸ್ ಅನ್ನುವ ಸಂಗೀತಗಾರರೂ ಅಲ್ಲೇ ಇದ್ದಾರೆ. ಮೊಜಾರ್ಟ್‌ದು ಬರೀ ಸ್ಮಾರಕ. ಸ್ಮಶಾನ ಅಂತ ಹಿಂಜರಿಯಬೇಡಿ, ಮರಗಳಿರುವ ಉದ್ಯಾನದ ಹಾಗಿದೆ. ಯಜಮಾನರು ಅಲ್ಲಿ ಕೈಮುಗಿದು ನಿಂತುಬಿಟ್ಟರು. ಮೂರು ತಿಂಗಳಲ್ಲಿ ನನಗೆ ಅತಿ ಹೆಚ್ಚು ನೆನಪಿರುವುದು ಆ ಬೆಳಗ್ಗೆ.

ಜಯನಗರ 4ನೇ ಬ್ಲಾಕ್:

ಅಜ್ಜಿ ಹೇಳಿದ್ದಕ್ಕೆ ಇನ್ನೆರಡು ಮಾತು. ಸ್ಟೀಫನ್ಸ್‌ಡೋಮ್ ಚರ್ಚಿನ ದಕ್ಷಿಣ ಗೋಪುರಕ್ಕೆ 343 ಮೆಟ್ಟಿಲು. ಅಮ್ಮನನ್ನು ಉತ್ತರದ ಗೋಪುರಕ್ಕೆ ಕರೆದೊಯ್ಯಿರಿ, ಅಲ್ಲಿ ಲಿಫ್ಟ್ ಇದೆ. ಆ ಚರ್ಚಿನ ಸುತ್ತ ಮೊಜಾರ್ಟ್ ವೇಷ ಹಾಕಿಕೊಂಡು ಸಂಗೀತ ಕಛೇರಿ ಟಿಕೆಟ್ ಮಾರುವವರು ಸಿಗುತ್ತಾರೆ. ರಸ್ತೆಯಲ್ಲಿ ಕೊಳ್ಳಬೇಡಿ. ಆದರೆ ಶೋನ್‌ಬ್ರುನ್ ಅರಮನೆಯನ್ನು ಮಾತ್ರ ಬಿಡಬೇಡಿ. ಟಿಕೆಟ್ ಮೊದಲೇ ತಗೊಂಡರೆ ಸಾಲು ಕಮ್ಮಿ.

ಮಲ್ಲೇಶ್ವರಂ ಅಜ್ಜಿ:

ಶೋನ್‌ಬ್ರುನ್ ಬಿಡಿ ಅಂತ ನಾನೂ ಹೇಳಲ್ಲ. ಆದರೆ ಒಳಗೆ ನಿಂತೇ ನೋಡಬೇಕು, ಕೋಣೆ ಆದ ಮೇಲೆ ಕೋಣೆ. ನನಗೆ ಅರ್ಧಕ್ಕೇ ಸಾಕಾಯ್ತು. ತೋಟಕ್ಕೆ ದುಡ್ಡಿಲ್ಲ, ಬೆಂಚುಗಳಿವೆ. ಅಮ್ಮನಿಗೆ ನೋವು ಜಾಸ್ತಿ ಇರುವ ದಿನ ತೋಟವೊಂದೇ ಸಾಕು.

ವಿಜಯನಗರದವನು:

ಅಜ್ಜಿ, ನೀವು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. 71ನೇ ನಂಬರ್ ಅಂತ ಡೈರಿಯಲ್ಲಿ ಬರೆದುಕೊಂಡರು. 15ರಲ್ಲಿ 9 ಜಾಗ ಹೊಡೆದುಹಾಕಿದ್ದೇನೆ. ಇನ್ನೊಂದೇ ಪ್ರಶ್ನೆ. ನಾವು ತಲುಪುವುದು ಭಾನುವಾರ. ಹಾಲು ಮೊಸರು ಸಿಗುತ್ತಾ?

ಮಲ್ಲೇಶ್ವರಂ ಅಜ್ಜಿ:

ಭಾನುವಾರ ಬಹುಪಾಲು ಅಂಗಡಿಗಳು ಮುಚ್ಚಿರುತ್ತವೆ. ಆದರೆ ದೊಡ್ಡ ರೈಲ್ವೆ ಸ್ಟೇಷನ್ನಿನ ಒಳಗಿನ ಸೂಪರ್ ಮಾರ್ಕೆಟ್ ತೆರೆದಿರುತ್ತದೆ. ರೈಲಿಳಿದ ತಕ್ಷಣ ವೀನ್ ಮಿಟ್ಟೆಯಲ್ಲೇ ತಗೊಂಡು ರೂಮಿಗೆ ಹೋಗಿ. ಸಪ್ಪೆ ಮೊಸರಿಗೆ 'ನಟೂರ್ ಯೊಗುರ್ಟ್' ಅಂತ ಬರೆದಿರುತ್ತದೆ. ಮಾತ್ರೆಗಳನ್ನು ಡಾಕ್ಟರ್ ಚೀಟಿ ಸಮೇತ ಕೈಚೀಲದಲ್ಲೇ ಇಡಿ. 50 ಸೆಂಟಿನ ಚಿಲ್ಲರೆಯೂ ಇರಲಿ, ಶೌಚಾಲಯಕ್ಕೆ ಬೇಕಾಗುತ್ತದೆ.

ಬೀಥೊವನ್ ಹತ್ತಿರ ಅಪ್ಪ ಎಷ್ಟು ಹೊತ್ತು ಇರುತ್ತೇನೆ ಅಂದರೂ ಇರಲಿ ಬಿಡಿ. 71 ಮತ್ತೆ ಬರುತ್ತದೆ.