ಅಪ್‌ಡೇಟ್: ಹಾಸನದ ಸಮ್ಮೇಳನದ ನೋಂದಣಿ ಸೈಟ್ ಮತ್ತೆ ತೆರೆದಿದೆ

ಹಾಸನದ ಪಶುವೈದ್ಯರ ಸಮ್ಮೇಳನಕ್ಕೆ ಯುಪಿಐ ಹಣ ಕಡಿತವಾದರೂ ನೋಂದಣಿ ಸಂಖ್ಯೆ ಬರುತ್ತಿಲ್ಲ, ಸೈಟಿನಲ್ಲಿ ಭದ್ರತಾ ಎಚ್ಚರಿಕೆ ಮಾತ್ರ ಕಾಣುತ್ತಿದೆ ಎಂದು ಕೇಳಿದ್ದೆ. ಮೂಲ ಸಿಕ್ಕಿತು. ಸರ್ವರ್ ಕೆಟ್ಟಿರಲಿಲ್ಲ, ಸೈಟ್ ಅಸಲಿ ಎಂದು ಬ್ರೌಸರಿಗೆ ತೋರಿಸುವ ಲೆಟ್ಸ್ ಎನ್‌ಕ್ರಿಪ್ಟ್ (ಉಚಿತವಾಗಿ ಕೊಡುವ ಸಂಸ್ಥೆ) ಪ್ರಮಾಣಪತ್ರದ 90 ದಿನಗಳ ಅವಧಿ ಮುಗಿದಿತ್ತು. ಫೈರ್‌ವಾಲ್‌ನಲ್ಲಿ (ಸರ್ವರ್‌ಗೆ ಬರುವ ಸಂಪರ್ಕಗಳನ್ನು ತಡೆಯುವ ಕಾವಲು) ಸಾದಾ ಎಚ್‌ಟಿಟಿಪಿ ಸಂಪರ್ಕದ ದ್ವಾರವಾದ ಪೋರ್ಟ್ 80 ಮುಚ್ಚಿದ್ದರಿಂದ, ಸೈಟ್ ನಮ್ಮದೇ ಎಂದು ಆ ದ್ವಾರದ ಮೂಲಕ ನೋಡುವ ಎಚ್‌ಟಿಟಿಪಿ-01 ಪರಿಶೀಲನೆ ಸೋತು, ಪ್ರಮಾಣಪತ್ರವನ್ನು ತಾನಾಗಿಯೇ ಹೊಸದು ಮಾಡುವ ಸರ್ಟ್‌ಬಾಟ್ ತಂತ್ರಾಂಶದ ನವೀಕರಣ ಸದ್ದಿಲ್ಲದೆ ನಿಂತಿತ್ತು. (ಈ ಪರಿಶೀಲನೆಗೆ ಎಚ್‌ಟಿಟಿಪಿಎಸ್‌ನ ಪೋರ್ಟ್ 443 ತೆರೆದಿದ್ದರೆ ಸಾಕು ಅನ್ನೋದು ಹಳೇ ತಪ್ಪು.) ಪ್ರಮಾಣಪತ್ರ ಸತ್ತಮೇಲೆ ಪೇಮೆಂಟ್ ಗೇಟ್‌ವೇಯ ವೆಬ್‌ಹುಕ್ (ಹಣ ಬಂತು ಎಂದು ಸೈಟಿಗೆ ತಾನಾಗಿ ಬರುವ ಸಂದೇಶ) ಕೂಡ ಒಳಬರಲಿಲ್ಲ, ದುಡ್ಡು ಹೋದರೂ ಹೆಸರು ದಾಖಲಾಗದ್ದು ಅದಕ್ಕೇ.

ಪರಿಹಾರ: ಪೋರ್ಟ್ 80 ತೆರೆದು, ಮೊದಲು ಡ್ರೈ ರನ್ (ನವೀಕರಣದ ಪ್ರಯೋಗ), ಆಮೇಲೆ ನವೀಕರಣ, ಕೊನೆಗೆ ಸೈಟ್ ನಡೆಸುವ ವೆಬ್ ಸರ್ವರ್ ತಂತ್ರಾಂಶ ಎಂಜಿನ್‌ಎಕ್ಸ್ ರಿಲೋಡ್. ರಿಲೋಡ್ ಮರೆತರೆ ಹಳೇ ಪ್ರಮಾಣಪತ್ರವೇ ಹೋಗುತ್ತಿರುತ್ತದೆ. ಗೇಟ್‌ವೇಯಿಂದ ವೆಬ್‌ಹುಕ್‌ಗಳನ್ನು ಮತ್ತೆ ಕಳಿಸಿದ ಮೇಲೆ ಬಾಕಿ ನೋಂದಣಿಗಳು ತುಂಬಿಕೊಂಡವು. ನೋಂದಣಿ ಸಂಖ್ಯೆ ಇನ್ನೂ ಬಾರದವರು ಮತ್ತೆ ಹಣ ಕಟ್ಟಬೇಡಿ, ಯುಪಿಐ ಪಾವತಿಯ 12 ಅಂಕಿಯ ಯುಟಿಆರ್ (ವಹಿವಾಟಿನ ಗುರುತು) ಸಂಖ್ಯೆಯನ್ನು ಸಂಘಟಕರಿಗೆ ಕಳಿಸಿ.